‘ಬ್ರೂಕ್ಸ್’ ಹಡಗಿನ ಆ ಚಿತ್ರ ನಿಜವೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಗುಲಾಮರ ಹಡಗಿನ ಒಳಗೆ ಜನರನ್ನು ಸಾಲುಸಾಲಾಗಿ ಮಲಗಿಸಿರುವ ಒಂದು ಹಳೆಯ ಚಿತ್ರವನ್ನು ತರಗತಿಯಲ್ಲಿ ತೋರಿಸಿದೆ. ‘ಇದು ಉತ್ಪ್ರೇಕ್ಷೆ ಇರಬೇಕು. ಹೀಗೆ ತುಂಬಿದರೆ ಜನ ಸತ್ತು ವ್ಯಾಪಾರಿಗೇ ನಷ್ಟ ಆಗಲ್ವಾ?’ ಎಂದು ಒಬ್ಬ ಹುಡುಗ ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ಅಂಥ ಹಡಗು ನಿಜಕ್ಕೂ ಇತ್ತೇ? ಅದರ ಗತಿ ಏನಾಯಿತು? ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಇಂಥ ಹಡಗುಗಳಲ್ಲೇ ಬಂದವರೇ?

ಉತ್ತರ: ಆ ಹುಡುಗನ ಪ್ರಶ್ನೆ ಬಹಳ ಒಳ್ಳೆಯದು. 1789ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಕುಳಿತವರೂ ಇದನ್ನೇ ಕೇಳಿದ್ದರು. ಹಡಗು ನಿಜ. ಅದರ ಹೆಸರು ‘ಬ್ರೂಕ್ಸ್’. 1781ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕಟ್ಟಿದ್ದು, ಜೋಸೆಫ್ ಬ್ರೂಕ್ಸ್ ಎಂಬ ಅಲ್ಲಿನ ವ್ಯಾಪಾರಿಯ ಹೆಸರನ್ನೇ ಅದಕ್ಕಿಟ್ಟರು. ಚಿತ್ರವೂ ನಿಜವೇ. ಆದರೆ ನಿಮ್ಮ ವಿದ್ಯಾರ್ಥಿ ಅಂದುಕೊಂಡದ್ದಕ್ಕೆ ತದ್ವಿರುದ್ಧವಾಗಿ, ಅದು ಇದ್ದದ್ದಕ್ಕಿಂತ ಕಡಿಮೆ ಹೇಳುವ ಚಿತ್ರ. ಇದನ್ನು ನಾನು ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಅಳತೆಗಳು ಉಳಿದಿವೆ, ಅದೇ ಹಡಗಿನಲ್ಲಿದ್ದ ವೈದ್ಯನ ಸಾಕ್ಷ್ಯ ಉಳಿದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಒಂದು ಪದದ ವಿಚಾರ. ಹಡಗಿನಲ್ಲಿದ್ದವರನ್ನು ನಾನು ‘ಸೆರೆಯಾಳುಗಳು’ ಎನ್ನುತ್ತೇನೆ. ರೈತರು, ನೇಕಾರರು, ವ್ಯಾಪಾರಿಗಳು, ತಾಯಂದಿರು, ಮಕ್ಕಳು ಆಗಿದ್ದವರನ್ನು ಹಿಡಿದು, ಮಾರಿ, ಹಡಗಿಗೆ ತುಂಬಿದ್ದು. ಗುಲಾಮರಾಗಿ ಯಾರೂ ಹಡಗು ಹತ್ತಲಿಲ್ಲ. ಅವರನ್ನು ಹಾಗೆ ಮಾಡುವ ಕೆಲಸ ಆ ಹಡಗಿನಲ್ಲೇ ನಡೆಯುತ್ತಿತ್ತು.

ಈಗ ಚಿತ್ರ ಹುಟ್ಟಿದ ಬಗೆ. 1788ರ ಹೊತ್ತಿಗೆ ಬ್ರಿಟನ್ನಿನಲ್ಲಿ ಈ ವ್ಯಾಪಾರದ ವಿರುದ್ಧ ದೊಡ್ಡ ಕೂಗು ಎದ್ದಿತ್ತು. ಸರ್ ವಿಲಿಯಂ ಡಾಲ್ಬೆನ್ ಎಂಬ ಸಂಸತ್ ಸದಸ್ಯ ಥೇಮ್ಸ್ ನದಿಯಲ್ಲಿ ನಿಂತಿದ್ದ ಇಂಥದೊಂದು ಹಡಗನ್ನು ಹತ್ತಿ ನೋಡಿ ಬಂದ. ಆಗ ಅದರಲ್ಲಿ ಸೆರೆಯಾಳುಗಳು ಇರಲಿಲ್ಲ, ಬರೀ ಖಾಲಿ ಜಾಗ. ಅದನ್ನು ಕಂಡೇ ಅವನಿಗೆ ಸುಮ್ಮನಿರಲಾಗಲಿಲ್ಲ. ವ್ಯಾಪಾರ ನಿಲ್ಲಿಸುವುದು ಆಗಿನ್ನೂ ದೂರದ ಮಾತು. ತುಂಬುವ ಜನರ ಸಂಖ್ಯೆಗಾದರೂ ಮಿತಿ ಇರಲಿ ಎಂದು ಅವನು ಮಸೂದೆ ತಂದ, ಅದೇ ವರ್ಷ ಕಾನೂನಾಯಿತು. ಹಡಗಿನ ಮೊದಲ 201 ಟನ್‌ವರೆಗೆ ಪ್ರತಿ ಮೂರು ಟನ್ನಿಗೆ ಐದು ಜನ, ಅದರ ಮೇಲೆ ಟನ್ನಿಗೊಬ್ಬರು ಎಂಬುದು ಲೆಕ್ಕ. 320 ಟನ್ ಎಂದು ದಾಖಲಾಗಿದ್ದ ಬ್ರೂಕ್ಸ್‌ಗೆ ಈ ಲೆಕ್ಕದಲ್ಲಿ ಸಿಕ್ಕಿದ್ದು 454 ಜನ.

ಇದೇ ಸಂದರ್ಭದಲ್ಲಿ ಸರ್ಕಾರ ನೌಕಾಪಡೆಯ ಕ್ಯಾಪ್ಟನ್ ಪ್ಯಾರಿಯನ್ನು ಲಿವರ್‌ಪೂಲ್‌ಗೆ ಕಳಿಸಿ ಹಡಗುಗಳನ್ನು ಅಳೆಸಿತು. ಅವನ ವರದಿಯಲ್ಲಿ ಮೊದಲಿಗೆ ಬಂದ ಹಡಗು ಬ್ರೂಕ್ಸ್. ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದವರು ಅದನ್ನೇ ಎತ್ತಿಕೊಂಡದ್ದಕ್ಕೆ ಕಾರಣ ಇಷ್ಟೇ. ಹುಡುಕಿ ಹುಡುಕಿ ಅತ್ಯಂತ ಕೆಟ್ಟದ್ದನ್ನು ಆರಿಸಿದ್ದೀರಿ ಎಂಬ ಮಾತು ನಾಳೆ ಬರಬಾರದು. ಅಳತೆ ಸರ್ಕಾರದ್ದು, ಆಯ್ಕೆ ಪಟ್ಟಿಯದು. ಈ ಎಚ್ಚರಿಕೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಚಿತ್ರವನ್ನು ಮೊದಲು ಅಚ್ಚು ಹಾಕಿಸಿದ್ದು 1788ರ ಕೊನೆಯ ಹೊತ್ತಿಗೆ ಪ್ಲಿಮತ್ ಊರಿನ ಹೋರಾಟಗಾರರ ಸಮಿತಿ, ಅಲ್ಲಿ ಇದ್ದದ್ದು ಒಂದೇ ಅಂತಸ್ತಿನ ನೋಟ. ಮರುವರ್ಷ ಲಂಡನ್ ಸಮಿತಿಯವರು, ಅವರಲ್ಲಿ ಥಾಮಸ್ ಕ್ಲಾರ್ಕ್‌ಸನ್ ಮುಖ್ಯ, ಅದನ್ನು ಹಿಗ್ಗಿಸಿ ಹಡಗನ್ನು ಮೇಲಿಂದ, ಪಕ್ಕದಿಂದ, ಅಡ್ಡ ಸೀಳಿ ತೋರಿಸಿದರು. ಇಂದು ಎಲ್ಲೆಡೆ ಕಾಣುವುದು ಈ ಎರಡನೆಯದೇ.

ಇನ್ನು ಅಳತೆ. ಕೆಳ ಅಂತಸ್ತು 100 ಅಡಿ ಉದ್ದ, 25 ಅಡಿ 4 ಇಂಚು ಅಗಲ, ನೆಲದಿಂದ ಚಾವಣಿಗೆ 5 ಅಡಿ 8 ಇಂಚು. ಆ ಎತ್ತರದ ನಡುವೆ, ಎರಡೂ ಪಕ್ಕದ ಗೋಡೆಗುಂಟ, 6 ಅಡಿ ಅಗಲದ ಹಲಗೆಯ ಅಟ್ಟ. ನೆಲದ ಮೇಲೆ ಒಂದು ಸಾಲು, ಅಟ್ಟದ ಮೇಲೆ ಇನ್ನೊಂದು ಸಾಲು. ಅಂದರೆ ಮಲಗಿದವರ ಮೇಲೆ ಇರುತ್ತಿದ್ದದ್ದು ಎರಡೂವರೆ ಅಡಿಗೆ ತುಸು ಹೆಚ್ಚು, ಅಷ್ಟೇ. ರಾತ್ರಿ ರೈಲಿನಲ್ಲಿ ಮಧ್ಯದ ಬರ್ತ್ ಎತ್ತಿ ಕಟ್ಟಿದ ಮೇಲೆ ಕೆಳಗಿನ ಬರ್ತಿನಲ್ಲಿ ಬೆನ್ನು ನೇರ ಮಾಡಿ ಕೂರಲು ನೋಡಿದವರಿಗೆ ಆ ಎತ್ತರ ಗೊತ್ತು. ಕತ್ತು ಬಗ್ಗಿಸಲೇಬೇಕು. ಅವರು ಹಾಗೆ ಒಂದು ರಾತ್ರಿ ಕಳೆಯಲಿಲ್ಲ, ತಿಂಗಳುಗಟ್ಟಲೆ ಇದ್ದರು.

ಚಿತ್ರದಲ್ಲಿ ಒಬ್ಬ ಗಂಡಸಿಗೆ ಕೊಟ್ಟ ಜಾಗ 6 ಅಡಿ ಉದ್ದ, 1 ಅಡಿ 4 ಇಂಚು ಅಗಲ. ಹದಿನಾರು ಇಂಚು. ಒಂದು ಮೊಳ ಎಂದರೆ ಹದಿನೆಂಟು ಇಂಚು. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಗೆ ಎಳೆದು ಕೊಡುತ್ತಾಳಲ್ಲ, ಆ ಮೊಳಕ್ಕೂ ಎರಡು ಇಂಚು ಕಡಿಮೆ. ನಾನೊಮ್ಮೆ ನಮ್ಮ ಮನೆಯ ಕೆಂಪು ಗಾರೆ ನೆಲದ ಮೇಲೆ ಈ ಅಳತೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಂಗಾತ ಮಲಗಿ ನೋಡಿದೆ. ನನ್ನ ಭುಜ ಎರಡೂ ಗೆರೆ ದಾಟಿತು. ನಾನೇನೂ ದಪ್ಪ ಮೈಯವನಲ್ಲ. ಪಕ್ಕಕ್ಕೆ ತಿರುಗಿದರೆ ಮಾತ್ರ ಗೆರೆಯೊಳಗೆ ಇರಲು ಆಯಿತು, ಆಗ ಕೆಳಗಿನ ಕೈ ಎಲ್ಲಿಡಬೇಕೆಂದು ತೋಚಲಿಲ್ಲ. ಕೆಲವೇ ನಿಮಿಷಕ್ಕೆ ಸೊಂಟದ ಮೂಳೆ ನೆಲಕ್ಕೆ ಒತ್ತತೊಡಗಿತು. ನನ್ನ ನೆಲ ಅಲ್ಲಾಡುತ್ತಿರಲಿಲ್ಲ, ನನ್ನ ಕಾಲು ಪಕ್ಕದವನ ಕಾಲಿಗೆ ಕಬ್ಬಿಣದಲ್ಲಿ ಬಿಗಿದಿರಲಿಲ್ಲ.

ಇಷ್ಟಾದ ಮೇಲೂ ಚಿತ್ರ ಕಡಿಮೆ ಹೇಳುತ್ತದೆ ಎಂದೆನಲ್ಲ, ಏಕೆಂದರೆ ಅದರಲ್ಲಿರುವುದು ಕಾನೂನಿನ ಮಿತಿಯ ಆಸುಪಾಸಿನಷ್ಟು ಜನ. ಅದು ಸುಧಾರಣೆಯಾದ ಮೇಲಿನ ಹಡಗು! ಕಾನೂನು ಬರುವ ಮುಂಚೆ ಇದೇ ಬ್ರೂಕ್ಸ್ 1786ರಿಂದ 88ರ ಪಯಣದಲ್ಲಿ 609 ಜನರನ್ನು ಹೊತ್ತಿತ್ತು: 351 ಗಂಡಸರು, 127 ಹೆಂಗಸರು, 90 ಹುಡುಗರು, 41 ಹುಡುಗಿಯರು. ಅದಕ್ಕೂ ಹಿಂದಿನ ಪಯಣದಲ್ಲಿ 740 ಜನ. 454 ಜನರನ್ನು ಕಾಗದದ ಮೇಲೆ ಕೂರಿಸುವುದಕ್ಕೇ ಚಿತ್ರ ಬರೆದವರು ಇಂಚು ಇಂಚು ಲೆಕ್ಕ ಹಾಕಬೇಕಾಯಿತು. ಮಲಮೂತ್ರದ ಮರದ ಬಾನಿಗಳು, ಚಾವಣಿ ಹೊತ್ತ ಕಂಬಗಳು, ಓಡಾಡಲು ಬೇಕಾದ ಜಾಗ, ಇವೆಲ್ಲಕ್ಕೂ ನಿಜವಾದ ಹಡಗಿನಲ್ಲಿ ಎಡೆ ಬೇಕಿತ್ತು. ಕಾಗದದ ಮೇಲೆ ಅವುಗಳ ಜಾಗವನ್ನೂ ಮನುಷ್ಯರಿಗೇ ಬಿಟ್ಟುಕೊಟ್ಟಿದ್ದಾರೆ. ಹಾಗಾದರೆ ಮಿಕ್ಕ ನೂರೈವತ್ತು, ಇನ್ನೂರೆಂಬತ್ತು ಜನರನ್ನು ಎಲ್ಲಿ ಇಟ್ಟರು?

ಇದಕ್ಕೆ ಉತ್ತರ ಕೊಟ್ಟವನು ಥಾಮಸ್ ಟ್ರಾಟರ್. 1783–84ರ ಪಯಣದಲ್ಲಿ ಬ್ರೂಕ್ಸ್‌ನ ವೈದ್ಯ, ಆಗಿನ್ನೂ ಇಪ್ಪತ್ಮೂರರ ಆಸುಪಾಸಿನ ತರುಣ. ಕ್ಲೆಮೆಂಟ್ ನೋಬಲ್ ಕ್ಯಾಪ್ಟನ್. ಟ್ರಾಟರ್ ಮುಂದೆ ನೌಕಾಪಡೆಯ ಹೆಸರಾಂತ ವೈದ್ಯನಾದ, ಸ್ಕರ್ವಿ ರೋಗದ ಬಗ್ಗೆ ಪುಸ್ತಕ ಬರೆದ. ಆ ರೋಗದ ಅರಿವು ಅವನಿಗೆ ದಕ್ಕಿದ್ದರಲ್ಲಿ ಬ್ರೂಕ್ಸ್‌ನ ಸೆರೆಯಾಳುಗಳ ಮೈಮೇಲೆ ಕಂಡದ್ದರ ಪಾಲು ದೊಡ್ಡದು. 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಅವನು ಹೇಳಿದ್ದು ಇದು: ಸೆರೆಯಾಳುಗಳನ್ನು ಚಮಚದೊಳಗೆ ಚಮಚ ಇಟ್ಟಂತೆ, ಒಬ್ಬರ ಬೆನ್ನಿಗೆ ಇನ್ನೊಬ್ಬರ ಎದೆ ತಾಗುವ ಹಾಗೆ, ಪಕ್ಕಕ್ಕೆ ತಿರುಗಿಸಿ ಮಲಗಿಸುತ್ತಿದ್ದರು. ಹೊರಳಲು ಜಾಗವಿತ್ತೇ ಎಂದು ಕೇಳಿದರೆ, ಇರಲೇ ಇಲ್ಲ ಎಂದ. ಗಾಳಿಗಾಗಿ ಅವರ ಎದೆ ಏರಿಳಿಯುತ್ತಿದ್ದುದನ್ನು, ಸಾಯುವ ಪ್ರಾಣಿ ಉಸಿರು ಎಳೆದುಕೊಳ್ಳುವಂತೆ ಎಳೆದುಕೊಳ್ಳುತ್ತಿದ್ದುದನ್ನು ತಾನೇ ನೋಡಿದ್ದೇನೆ ಎಂದ. ಚಿತ್ರದಲ್ಲಿ ಎಲ್ಲರೂ ಅಂಗಾತ ಮಲಗಿದ್ದಾರೆ. ಹಡಗಿನಲ್ಲಿ ಆ ಭಾಗ್ಯ ಇರಲಿಲ್ಲ.

ಹಡಗು ಕೆಲಸ ಮಾಡುತ್ತಿದ್ದ ಬಗೆಯನ್ನೂ ಹೇಳಬೇಕು. ನಮಗೆ ಗುಲಾಮರ ಹಡಗು ಎಂದರೆ ಹುಟ್ಟುತ್ತಲೇ ಸೆರೆಮನೆಯಾಗಿದ್ದ ಹಡಗು ಎಂಬ ಕಲ್ಪನೆ ಇದೆ. ಹಾಗಿರಲಿಲ್ಲ. ಲಿವರ್‌ಪೂಲ್ ಬಿಡುವಾಗ ಅದು ಸರಕಿನ ಹಡಗು. ಬಟ್ಟೆ, ಬಂದೂಕು, ಮದ್ದು, ಕಬ್ಬಿಣ, ಹಿತ್ತಾಳೆ, ಮದ್ಯ, ಮಣಿ ತುಂಬಿಕೊಂಡು ಆಫ್ರಿಕಾದ ಕಡೆ ಹೊರಡುತ್ತಿತ್ತು. ಸರಕು ಕರಗುತ್ತ ಬಂದಂತೆ ಹಡಗಿನ ಬಡಗಿ ಕೆಳಗಿಳಿದು ಅಟ್ಟ ಕಟ್ಟುತ್ತಿದ್ದ, ಗಂಡಸರ ಕೋಣೆ, ಹುಡುಗರ ಕೋಣೆ, ಹೆಂಗಸರ ಕೋಣೆ ಎಂದು ಅಡ್ಡಗೋಡೆ ನಿಲ್ಲಿಸುತ್ತಿದ್ದ. ಮೇಲೆ, ಹಡಗಿನ ನಡುಭಾಗದಲ್ಲಿ ಎತ್ತರದ ಮರದ ತಡೆಗೋಡೆ. ಸೆರೆಯಾಳುಗಳು ದಂಗೆಯೆದ್ದರೆ ನಾವಿಕರು ಅದರ ಹಿಂದೆ ಸರಿದು ಗುಂಡು ಹಾರಿಸಲು. ಹಲಗೆ ಹಲಗೆಯಾಗಿ ಗೋದಾಮು ಜೈಲಾಗುತ್ತಿತ್ತು. ಮಾರಾಟ ಮುಗಿದ ಮೇಲೆ ಆ ಹಲಗೆ ಕಿತ್ತು, ತಿಕ್ಕಿ ತೊಳೆದು, ಜಮೈಕಾದ ಸಕ್ಕರೆಯಂಥ ಸರಕನ್ನು ಅದೇ ಜಾಗದಲ್ಲಿ ತುಂಬಬಹುದಿತ್ತು.

ಇಲ್ಲಿ ನಮ್ಮ ದೇಶದ ಹೆಸರು ಬರುತ್ತದೆ, ಮುಚ್ಚಿಡಬಾರದು. ಆಫ್ರಿಕಾದ ಕರಾವಳಿಯಲ್ಲಿ ಸೆರೆಯಾಳುಗಳಿಗೆ ಬೆಲೆಯಾಗಿ ಕೊಡುತ್ತಿದ್ದ ಬಟ್ಟೆಗಳಲ್ಲಿ ದೊಡ್ಡ ಪಾಲು ಕೋರಮಂಡಲ ಮತ್ತು ಗುಜರಾತಿನ ಹತ್ತಿಬಟ್ಟೆ. ಅಲ್ಲಿನ ಕೊಳ್ಳುವವರು ಬಣ್ಣ, ನೇಯ್ಗೆ ನೋಡಿ ಆರಿಸುತ್ತಿದ್ದರು, ಭಾರತದ ಬಟ್ಟೆಗೆ ಬದಲಾಗಿ ಇಂಗ್ಲೆಂಡಿನ ನಕಲು ಕೊಟ್ಟರೆ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಚೌಕಾಬಾರ ಆಡುವಾಗ ನಾವು ಅಂಗೈಯಲ್ಲಿ ಕುಲುಕುವ ಕವಡೆ ಇದೆಯಲ್ಲ, ಅದೂ ಮಾಲ್ಡೀವ್ಸ್‌ನಿಂದ ಹೊರಟು, ಯೂರೋಪಿನ ಹಡಗುಗಳ ತಳದಲ್ಲಿ ಭಾರಕ್ಕೆಂದು ಬಿದ್ದುಕೊಂಡು ಲಂಡನ್, ಆಮ್‌ಸ್ಟರ್‌ಡ್ಯಾಮ್ ಮುಟ್ಟಿ, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಹಣವಾಗಿ ಚಲಾವಣೆಯಾಗುತ್ತಿತ್ತು. ಇಂದಿನ ಬೆನಿನ್ ದೇಶದ ಕರಾವಳಿಯಲ್ಲಿ ಮನುಷ್ಯರ ಬೆಲೆಯನ್ನು ಕವಡೆ ಎಣಿಸಿ ಕಟ್ಟುತ್ತಿದ್ದರು. ನಮ್ಮ ನೇಕಾರನಿಗೆ ತನ್ನ ಬಟ್ಟೆ ಯಾವುದಕ್ಕೆ ಹೋಗುತ್ತದೆ ಎಂದು ಗೊತ್ತಿರಲು ಸಾಧ್ಯವಿರಲಿಲ್ಲ.

ಬ್ರೂಕ್ಸ್ ಹೆಚ್ಚಾಗಿ ಹೋಗುತ್ತಿದ್ದದ್ದು ಚಿನ್ನದ ಕರಾವಳಿಗೆ, ಅಂದರೆ ಇಂದಿನ ಘಾನಾಕ್ಕೆ. ಜನರನ್ನು ಒಮ್ಮೆಗೇ ತುಂಬಿಕೊಂಡು ಹೊರಡಲು ಆಗುತ್ತಿರಲಿಲ್ಲ. ಇಂದು ಇಬ್ಬರು, ನಾಳೆ ಐವರು ಎಂದು ಕೊಳ್ಳುತ್ತ ಕರಾವಳಿಯಲ್ಲೇ ತಿಂಗಳುಗಟ್ಟಲೆ ಲಂಗರು. ಮೊದಲು ಹಿಡಿದು ತಂದವರು ತಮ್ಮ ನೆಲ ಕಣ್ಣಿಗೆ ಕಾಣುತ್ತಿರುವಾಗಲೇ ಕೆಳಗೆ ಕತ್ತಲಲ್ಲಿ ಕೊಳೆಯಬೇಕು. ಅದರ ಮೇಲೆ ಸಾಗರ ದಾಟುವ ವಾರಗಳು. ಹಗಲು ಹವೆ ಚೆನ್ನಾಗಿದ್ದರೆ ಮೇಲೆ ಕರೆತಂದು ‘ಕುಣಿಸುತ್ತಿದ್ದರು’. ಮೈ ಆಡಿಸದಿದ್ದರೆ ಸರಕು ಕೆಡುತ್ತದೆ ಎಂಬ ಕಾರಣಕ್ಕೆ. ಸಂಕೋಲೆ ಹಾಕಿದವರಿಗೂ ನಿಂತಲ್ಲೇ ಆದಷ್ಟು ಆಡಬೇಕೆಂಬ ಆಜ್ಞೆ, ಒಲ್ಲದವರಿಗೆ ಚಾಟಿ. ಲಿವರ್‌ಪೂಲ್‌ನ ರಾಬರ್ಟ್ ನಾರಿಸ್ ಎಂಬ ಕ್ಯಾಪ್ಟನ್ ಇದನ್ನೇ ಸೆರೆಯಾಳುಗಳ ಮನರಂಜನೆ ಎಂದು ಅಧಿಕಾರಿಗಳ ಮುಂದೆ ವರ್ಣಿಸಿದ. ಕೋಣೆಗಳಿಗೆ ಧೂಪ ಹಾಕುತ್ತಿದ್ದೆವು ಎಂದೂ ಹೇಳಿದ. ಈ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡುತ್ತಿದ್ದ ಸದಸ್ಯ ವಿಲ್ಬರ್‌ಫೋರ್ಸ್ 1789ರ ಮೇ ತಿಂಗಳ ತನ್ನ ಭಾಷಣದಲ್ಲಿ ಆ ಮಾತನ್ನು ಎಳೆಎಳೆಯಾಗಿ ಬಿಡಿಸಿಟ್ಟ.

ಟ್ರಾಟರ್ ಹೇಳಿದ ಎರಡು ಸಂಗತಿಗಳನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾರೆ.

ಒಂದು: ರಾತ್ರಿ ಹೊತ್ತು ಕೆಳಗಿನಿಂದ ಗೋಳಿನಂಥ ದನಿ ಏಳುತ್ತಿತ್ತು. ಅಳುವೂ ಅಲ್ಲ, ಹಾಡೂ ಅಲ್ಲ. ದುಭಾಷಿಯಾಗಿದ್ದ ಒಬ್ಬ ಹೆಂಗಸನ್ನು ಅದೇನೆಂದು ತಿಳಿದು ಬರಲು ಅವನು ಕಳಿಸಿದ. ಅವಳು ತಂದ ಉತ್ತರ: ಅವರು ತಮ್ಮೂರಿನಲ್ಲಿ, ತಮ್ಮವರ ನಡುವೆ ಇರುವಂತೆ ಕನಸು ಕಾಣುತ್ತಿದ್ದಾರೆ. ಎಚ್ಚರವಾದಾಗ ಹಡಗಿನಲ್ಲಿದ್ದೇವೆಂದು ತಿಳಿಯುತ್ತದೆ. ಆಗ ಬರುವ ದನಿ ಅದು.

ಎರಡು: ಒಬ್ಬ ಮನುಷ್ಯ, ಊರಿನಲ್ಲಿ ವ್ಯಾಪಾರಿಯಾಗಿದ್ದವನು. ಅಲ್ಲಿನ ಮುಖಂಡನೊಬ್ಬನ ಜೊತೆ ಜಗಳವಾಯಿತು. ಸೇಡಿಗೆ ಇವನ ಮೇಲೆ ಮಾಟದ ಆರೋಪ ಬಂತು. ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಸಮೇತ ಅವನನ್ನು ಮಾರಿದರು, ಇಡೀ ಮನೆ ಬ್ರೂಕ್ಸ್ ಹತ್ತಿತು. ಬಂದ ದಿನದಿಂದಲೇ ಅವನು ಊಟ ಮುಟ್ಟಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಕತ್ತಿನಲ್ಲಿ ಗಾಯ. ಟ್ರಾಟರ್ ಹೊಲಿಗೆ ಹಾಕಿದ. ಆ ರಾತ್ರಿಯೇ ಅವನು ಹೊಲಿಗೆ ಕಿತ್ತು ಇನ್ನೊಂದು ಪಕ್ಕವನ್ನೂ ಗಾಯ ಮಾಡಿಕೊಂಡ. ಆಯುಧಕ್ಕಾಗಿ ಹುಡುಕಿದರು, ಸಿಗಲಿಲ್ಲ. ಉಗುರುಗಳಲ್ಲಿ ರಕ್ತವಿತ್ತು. ಬಿಳಿಯರ ಜೊತೆ ತಾನು ಹೋಗುವುದಿಲ್ಲ ಎಂದು ಅವನು ಹೇಳುತ್ತಿದ್ದ. ಕೈ ಕಟ್ಟಿದರು. ಅನ್ನ ನೀರು ಬಿಟ್ಟು ಕೆಲವು ದಿನಗಳಲ್ಲಿ ತೀರಿಕೊಂಡ. ಅವನ ಮನೆಯ ಉಳಿದ ನಾಲ್ವರ ಕತೆ ಟ್ರಾಟರನ ಸಾಕ್ಷ್ಯದಲ್ಲಿ ಮುಂದುವರಿಯುವುದಿಲ್ಲ.

ಈಗ ನಿಮ್ಮ ವಿದ್ಯಾರ್ಥಿಯ ನಷ್ಟದ ಪ್ರಶ್ನೆ. ಜನ ಸತ್ತರೆ ವ್ಯಾಪಾರಿಗೆ ನಷ್ಟವೇ, ಅದರಲ್ಲಿ ಅನುಮಾನವಿಲ್ಲ. ಆದರೂ ತುಂಬುತ್ತಿದ್ದರು, ಯಾಕೆಂದರೆ ಲೆಕ್ಕ ಹಾಗಿತ್ತು. ಹಡಗಿನ ಬೆಲೆ, ನಾವಿಕರ ಸಂಬಳ, ಹಾಯಿ, ಹಗ್ಗ, ಇವುಗಳ ಖರ್ಚು ನಾನೂರು ಜನರನ್ನು ಒಯ್ದರೂ ಆರುನೂರು ಜನರನ್ನು ಒಯ್ದರೂ ಹೆಚ್ಚುಕಡಿಮೆ ಅಷ್ಟೇ. ಉದಾಹರಣೆಗೆ ಮಾತ್ರ ಹೇಳುತ್ತೇನೆ: ನಾನೂರರಲ್ಲಿ ಇಪ್ಪತ್ತು ಜನ ಸತ್ತರೆ ಮಾರಲು ಉಳಿದವರು 380. ಆರುನೂರರಲ್ಲಿ ಅರವತ್ತು ಜನ, ಅಂದರೆ ದುಪ್ಪಟ್ಟು ಪ್ರಮಾಣದಲ್ಲಿ ಸತ್ತರೂ ಉಳಿದವರು 540. ಕ್ಯಾಪ್ಟನ್‌ನ ಆದಾಯವೂ ಮಾರಾಟವಾದ ತಲೆಗಳ ಮೇಲೆ ನಿಂತಿತ್ತು. ಸಾವುಗಳು ಅವರ ಲೆಕ್ಕದ ಪುಸ್ತಕದಲ್ಲಿ ಮೊದಲೇ ಬರೆದಿಟ್ಟ ಖರ್ಚು.

ಇನ್ನೊಂದು ವಿಷಯ ಇತ್ತೀಚಿನ ದಶಕಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ, ತರಗತಿಯಲ್ಲಿ ಹೇಳಲೇಬೇಕಾದದ್ದು. ಎಷ್ಟು ಒತ್ತಾಗಿ ತುಂಬಿದರು ಎಂಬುದೊಂದರಿಂದಲೇ ಸಾವಿನ ಪ್ರಮಾಣ ಏರುತ್ತಿತ್ತು ಎಂದು ಸಾವಿರಾರು ಪಯಣಗಳ ದಾಖಲೆ ಹೋಲಿಸಿದಾಗ ಕಾಣುವುದಿಲ್ಲ. ಎಷ್ಟು ದಿನ ನೀರಿನ ಮೇಲಿದ್ದರು, ಹಡಗು ಹತ್ತುವ ಮುಂಚೆ ಎಷ್ಟು ಸೊರಗಿದ್ದರು, ಯಾವ ಕರಾವಳಿಯಿಂದ ಹೊರಟರು, ಇವು ಹೆಚ್ಚು ನಿರ್ಣಾಯಕ. ಕೊಂದದ್ದು ಮುಖ್ಯವಾಗಿ ರಕ್ತಭೇದಿ. ನೀರು ಕೆಟ್ಟರೆ, ಬಾನಿಗಳು ತುಂಬಿ ಹರಿದರೆ, ಗಾಳಿಕಿಂಡಿ ಮುಚ್ಚುವಂಥ ಮಳೆ ಹಿಡಿದರೆ ಅದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ಆದ್ದರಿಂದ ‘ಹೀಗೆ ತುಂಬಿದರೆ ಅರ್ಧ ಜನ ಸಾಯಬೇಕಿತ್ತು’ ಎಂಬ ಊಹೆ ಸಹಜವಾದರೂ ಸರಿಯಲ್ಲ. ಅಟ್ಲಾಂಟಿಕ್ ವ್ಯಾಪಾರದ ಒಟ್ಟು ಅಂದಾಜು ನೋಡಿ: ಆಫ್ರಿಕಾದಲ್ಲಿ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು, ಅಮೆರಿಕ ಖಂಡಗಳಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷ ಜನ ಸಮುದ್ರದ ಪಾಲು. ಏಳರಲ್ಲೊಬ್ಬರು. ಮನುಷ್ಯದೇಹ ಎಷ್ಟನ್ನೆಲ್ಲ ತಾಳಿಕೊಂಡೂ ಬದುಕುತ್ತದೆ ಎಂಬುದನ್ನು ಆ ವ್ಯಾಪಾರಿಗಳು ಚೆನ್ನಾಗಿ ಕಲಿತಿದ್ದರು.

ನಷ್ಟದ ಮಾತು ಬಂದಾಗ ವಿಮೆಯ ಮಾತೂ ಬರಬೇಕು. ಬ್ರೂಕ್ಸ್ ಕಟ್ಟಿದ ವರ್ಷವೇ, 1781ರ ನವೆಂಬರಿನಲ್ಲಿ, ಲಿವರ್‌ಪೂಲ್‌ನದೇ ‘ಜಾಂಗ್’ ಎಂಬ ಹಡಗಿನಿಂದ ನೂರಮೂವತ್ತಕ್ಕೂ ಹೆಚ್ಚು ಸೆರೆಯಾಳುಗಳನ್ನು ಜೀವಂತ ಸಮುದ್ರಕ್ಕೆ ಎಸೆದರು. ಕುಡಿಯುವ ನೀರು ಸಾಲುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಕಾಯಿಲೆಯಿಂದ ಸತ್ತವರಿಗೆ ವಿಮೆ ಸಿಗುತ್ತಿರಲಿಲ್ಲ, ಉಳಿದ ಸರಕು ಉಳಿಸಲು ‘ಎಸೆದ ಸರಕಿಗೆ’ ಸಿಗುತ್ತಿತ್ತು. ಮಾಲೀಕರು ತಲೆಗೆ 30 ಪೌಂಡ್‌ನಂತೆ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಇದು ನಡೆದದ್ದು ವಿಮೆಯ ವ್ಯಾಜ್ಯವಾಗಿ. ಕೊಲೆಯ ಮೊಕದ್ದಮೆಯಾಗಿ ಅಲ್ಲ. ಒಮ್ಮೆ ಗುಲಾಮನಾಗಿದ್ದು ಬಿಡುಗಡೆ ಪಡೆದು ಲಂಡನ್ನಿನಲ್ಲಿದ್ದ ಒಲೌಡಾ ಇಕ್ವಿಯಾನೊ ಈ ಸುದ್ದಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿದ. ಶಾರ್ಪ್ ಕೊಲೆ ಮೊಕದ್ದಮೆ ಹೂಡಿಸಲು ಓಡಾಡಿದ, ಆಗಲಿಲ್ಲ. ಡಾಲ್ಬೆನ್ ಕಾನೂನಿನಲ್ಲಿ ವಿಮೆಗೆ ಕಡಿವಾಣ ಹಾಕಿದ್ದರ ಹಿನ್ನೆಲೆ ಇಲ್ಲಿದೆ. ಅದೇ ಕಾನೂನು ಇನ್ನೊಂದು ಆಸೆಯನ್ನೂ ಒಡ್ಡಿತು: ಸಾವು ನೂರಕ್ಕೆ ಎರಡನ್ನು ಮೀರದಿದ್ದರೆ ಕ್ಯಾಪ್ಟನ್‌ಗೆ 100 ಪೌಂಡ್, ವೈದ್ಯನಿಗೆ 50 ಪೌಂಡ್ ಬಹುಮಾನ. ಜೀವ ಉಳಿಸಲು ಹಣದ ಆಮಿಷ ಒಡ್ಡಬೇಕಾಯಿತು ಎಂಬುದರಿಂದಲೇ ಅಲ್ಲಿಯವರೆಗೆ ಲೆಕ್ಕ ಯಾವ ಕಡೆ ವಾಲಿತ್ತು ಎಂದು ತಿಳಿಯುತ್ತದೆ.

ಚಿತ್ರ ಬಹಳ ಬೇಗ ಹಬ್ಬಿತು. ಸಾವಿರಾರು ಪ್ರತಿ ಅಚ್ಚಾದವು, ಮನೆಗಳ ಗೋಡೆಗೆ ಹೋದವು, 1789ರಲ್ಲೇ ಫಿಲಡೆಲ್ಫಿಯಾದಲ್ಲೂ ಮರುಮುದ್ರಣವಾಯಿತು. ಕ್ಲಾರ್ಕ್‌ಸನ್ ಅದನ್ನು ಕ್ರಾಂತಿಯ ಪ್ಯಾರಿಸ್‌ಗೆ ಒಯ್ದ. ಅಲ್ಲಿ ಮಿರಾಬೊ ಎಂಬ ನಾಯಕ ಎರಡು ಮೊಳ ಉದ್ದದ ಮರದ ಮಾದರಿ ಮಾಡಿಸಿ, ಒಳಗೆ ಕಪ್ಪು ಬಣ್ಣದ ಪುಟ್ಟ ಮರದ ಬೊಂಬೆಗಳನ್ನು ಜೋಡಿಸಿ, ಊಟದ ಕೋಣೆಯಲ್ಲಿ ಇರಿಸಿಕೊಂಡಿದ್ದ. ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲಿ ತೋರಿಸಿದ ಮಾದರಿ ಇಂದಿಗೂ ಇಂಗ್ಲೆಂಡಿನ ಹಲ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆದರೂ 1791ರಲ್ಲಿ ವ್ಯಾಪಾರ ನಿಲ್ಲಿಸುವ ಪ್ರಸ್ತಾಪಕ್ಕೆ ಬಿದ್ದ ಮತ 88, ವಿರುದ್ಧ 163. ಚಿತ್ರ ನೋಡಿದವರೆಲ್ಲ ಬೆಚ್ಚಿಬಿದ್ದರು, ಕಾನೂನು ಬದಲಾಯಿತು ಎಂದು ಕೆಲವೆಡೆ ಸರಳವಾಗಿ ಬರೆದಿರುತ್ತಾರೆ. ನಂಬಬೇಡಿ. ಚಿತ್ರಕ್ಕೂ ವ್ಯಾಪಾರ ನಿಷೇಧಿಸಿದ ಕಾನೂನಿಗೂ ನಡುವೆ ಹದಿನೆಂಟು ವರ್ಷ ಇದೆ. ಆ ನಡುವೆ ಇಂದಿನ ಹೈಟಿಯಲ್ಲಿ ಗುಲಾಮರೇ ದಂಗೆಯೆದ್ದು ಫ್ರಾನ್ಸಿನ ಸೈನ್ಯವನ್ನು ಸೋಲಿಸಿ ತಮ್ಮದೇ ದೇಶ ಕಟ್ಟಿದ್ದರು.

ಈ ಚಿತ್ರದ ಬಗ್ಗೆ ನನಗೆ ಒಂದು ದೊಡ್ಡ ತಕರಾರಿದೆ. ಅದರಲ್ಲಿರುವ ಎಲ್ಲರೂ ಒಂದೇ ಅಚ್ಚಿನವರು. ಮುಖವಿಲ್ಲ, ಕೈಕಾಲು ಆಡುವುದಿಲ್ಲ, ಸುಮ್ಮನೆ ಮಲಗಿದ್ದಾರೆ. ಬ್ರಿಟನ್ನಿನ ಓದುಗನ ಕರುಣೆಗೆ ಅಷ್ಟು ಸಾಕಿತ್ತು. ಆದರೆ ಹತ್ತು ಪಯಣಗಳಲ್ಲಿ ಒಂದರಲ್ಲಾದರೂ ದಂಗೆ ಎದ್ದಿತ್ತು ಎಂಬುದು ಇತಿಹಾಸಕಾರರ ಅಂದಾಜು. ಮೇಲಿನ ಆ ತಡೆಗೋಡೆ, ಬಂದೂಕು, ಹಾರಿಕೊಳ್ಳದಂತೆ ಸುತ್ತ ಕಟ್ಟುತ್ತಿದ್ದ ಬಲೆ, ಬಾಯಿ ತೆರೆಸಿ ಊಟ ತುರುಕುವ ಕಬ್ಬಿಣದ ಸಾಧನ, ಇವೆಲ್ಲ ಯಾಕೆ ಬೇಕಾದವು? ಕೆಳಗಿದ್ದವರು ಸುಮ್ಮನೆ ಮಲಗಿರಲಿಲ್ಲ. ಭಾಷೆ ಬೇರೆ ಇದ್ದವರು ಕತ್ತಲಲ್ಲಿ ಮಾತು ಕಲಿತರು. ಒಂದೇ ಹಡಗಿನಲ್ಲಿ ಬಂದವರು ಜಮೈಕಾದಲ್ಲಿ ಒಬ್ಬರನ್ನೊಬ್ಬರು ‘ಶಿಪ್‌ಮೇಟ್’ ಎಂದು ಕರೆದುಕೊಂಡರು. ಅದು ಒಡಹುಟ್ಟಿದ ಸಂಬಂಧಕ್ಕೆ ಸಮ. ಅವರ ಮಕ್ಕಳು ಆ ಶಿಪ್‌ಮೇಟ್‌ಗಳನ್ನು ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು.

ಹಡಗಿನ ಗತಿ ಕೇಳಿದಿರಿ. ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ. ಲೋಕಕ್ಕೆಲ್ಲ ಗೊತ್ತಾದ ಮೇಲೂ ಬ್ರೂಕ್ಸ್ ನಿಲ್ಲಲಿಲ್ಲ. ತನ್ನ ಚಿತ್ರ ಇಂಗ್ಲೆಂಡಿನ ಗೋಡೆಗಳ ಮೇಲಿರುವಾಗಲೇ, ಕಾನೂನು ಹೇಳಿದಂತೆ ಕಡಿಮೆ ಜನರನ್ನು ತುಂಬಿಕೊಂಡು, ಅದು ಆಫ್ರಿಕಾಕ್ಕೆ ಹೋಗಿ ಬರುತ್ತಲೇ ಇತ್ತು. ಸುಮಾರು ಕಾಲು ಶತಮಾನದಲ್ಲಿ ಕನಿಷ್ಠ ಹತ್ತು ಪಯಣ, ಐದು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು, ಅವರಲ್ಲಿ ಸುಮಾರು ಆರುನೂರು ಜನ ದಡ ಕಾಣಲಿಲ್ಲ. 1804ರಲ್ಲಿ ದಕ್ಷಿಣ ಅಮೆರಿಕದ ಬ್ಯುನಸ್ ಐರಿಸ್‌ನಲ್ಲಿ, ಮರ ಹಳತಾಗಿ, ಇನ್ನು ಸಮುದ್ರಕ್ಕೆ ಯೋಗ್ಯವಲ್ಲವೆಂದು ಅದನ್ನು ಕೈಬಿಟ್ಟರು. ಬ್ರಿಟನ್ ಈ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ.

ಸಿದ್ದಿಗಳ ಬಗ್ಗೆ: ಇಲ್ಲ, ಅವರ ಹಿರಿಯರು ಬಂದದ್ದು ಅಟ್ಲಾಂಟಿಕ್ ಹಡಗುಗಳಲ್ಲಲ್ಲ. ಅದು ಹಿಂದೂ ಮಹಾಸಾಗರದ ಕತೆ. ಆಫ್ರಿಕಾದ ಪೂರ್ವ ಕರಾವಳಿಯಿಂದ ಅರಬ್ ವ್ಯಾಪಾರಿಗಳು, ಆಮೇಲೆ ಪೋರ್ಚುಗೀಸರು ಜನರನ್ನು ಪಶ್ಚಿಮ ಭಾರತಕ್ಕೆ ತಂದರು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹಳಷ್ಟು ಮಂದಿಯ ಹಿರಿಯರು ಗೋವಾದಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರು. ಅಲ್ಲಿ ಬ್ರೂಕ್ಸ್‌ನಂಥ, ಮನುಷ್ಯರನ್ನು ತುಂಬಲೆಂದೇ ಅಟ್ಟ ಕಟ್ಟಿದ ಹಡಗುಗಳಿಗಿಂತ ಹೆಚ್ಚಾಗಿ, ಬೇರೆ ಸರಕಿನ ಜೊತೆ ಕೆಲವರನ್ನು ಹೊತ್ತು ತರುವ ಹಡಗುಗಳು ಇದ್ದವು. ದಾಖಲೆಗಳೂ ಬಹಳ ಕಡಿಮೆ. ನಿಮ್ಮ ಶಾಲೆ ಆ ಭಾಗದಲ್ಲಿದ್ದರೆ, ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದರೆ, ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿ. ಚಿತ್ರ ತೋರಿಸಿ ‘ಇವರೇ ನಿಮ್ಮ ಪೂರ್ವಜರು’ ಎನ್ನಬೇಡಿ. ಅದು ತಪ್ಪು, ಮಗುವಿಗೆ ನೋವು ಕೂಡ.

ತರಗತಿಯಲ್ಲಿ ಮಕ್ಕಳನ್ನು ನೆಲದ ಮೇಲೆ ಒತ್ತಾಗಿ ಮಲಗಿಸಿ ತೋರಿಸುವ ಪಾಠಕ್ರಮ ಕೆಲವೆಡೆ ಇದೆ, ನನಗೆ ಅದು ಸರಿ ಕಾಣುವುದಿಲ್ಲ. ಎರಡನೇ ನಿಮಿಷಕ್ಕೆ ಅವರು ನಗಲು ಶುರುಮಾಡುತ್ತಾರೆ, ತಪ್ಪು ಅವರದಲ್ಲ. ಅದರ ಬದಲು ಗೆರೆ ಮಾತ್ರ ಎಳೆಯಿರಿ. ಬ್ರೂಕ್ಸ್‌ನಲ್ಲಿ ಹುಡುಗರ ಕೋಣೆ ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ನಡುವೆ ಇತ್ತು, ಉದ್ದ 13 ಅಡಿ 9 ಇಂಚು, ನಿಮ್ಮ ತರಗತಿಯ ಒಂದು ಮೂಲೆಗೆ ಹಿಡಿಸುತ್ತದೆ. ಒಬ್ಬ ಹುಡುಗನಿಗೆ 5 ಅಡಿ ಉದ್ದ, 1 ಅಡಿ 2 ಇಂಚು ಅಗಲ. ಹುಡುಗಿಯಾದರೆ ನಾಲ್ಕೂವರೆ ಅಡಿ ಉದ್ದ, ಅಗಲ ಒಂದೇ ಅಡಿ. ಅವರ ಕೈಯಲ್ಲಿರುವ ಸ್ಕೇಲಿನಷ್ಟು. ಸ್ಕೇಲನ್ನು ನೆಲದ ಮೇಲೆ ಅಡ್ಡ ಇಟ್ಟು ಎರಡು ಕಡೆ ಗುರುತು ಮಾಡಲಿ. ಆಮೇಲೆ ಆ ರಾತ್ರಿಯ ದನಿಯ ಬಗ್ಗೆ ಟ್ರಾಟರನಿಗೆ ದುಭಾಷಿ ಹೆಂಗಸು ಬಂದು ಏನು ಹೇಳಿದಳು ಎಂಬುದನ್ನು ಓದಿ ಹೇಳಿ.